ಛೇದದ ಮೇಲೂ ಕಣ್ಣಿರಲಿ

ನಿಮ್ಮಮ್ಮ ಮೊನ್ನೆ ಫೋನ್ ಮಾಡಿ, ನಿನಗೆ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಟೆಕ್ನಿಷಿಯನ್ ಕೆಲಸ ಸಿಕ್ಕಿದ ಸುದ್ದಿ ಹೇಳಿದಳು. ಒಳ್ಳೆಯ ಕೆಲಸಕ್ಕೆ ಸೇರಿದ್ದೀಯ. ಪ್ರೈಮ್ ಮಾಡುವುದು, ಫಿಸ್ಟುಲಾಕ್ಕೆ ಸೂಜಿ ಹಾಕುವುದು, ಅಲಾರಂ ಹೊಡೆದುಕೊಂಡಾಗ ಗಾಬರಿಯಾಗದೆ ಕಾರಣ ಹುಡುಕುವುದು, ಇವನ್ನೆಲ್ಲ ಕಾಲೇಜಿನಲ್ಲಿ ಕಲಿಸಿದ್ದಾರೆ. ಉಳಿದದ್ದು ಕೈ ಪಳಗಿದ ಹಾಗೆ ತಾನಾಗಿ ಬರುತ್ತದೆ. ಇದೇ ಕೆಲಸ ಮಾಡಿ ನಿವೃತ್ತಳಾದ ನಿನ್ನ ದೊಡ್ಡಮ್ಮ ಹೇಳಬೇಕೆಂದಿರುವುದು ಬೇರೆ. ತಿಂಗಳಿಗೊಮ್ಮೆ ಪ್ರತಿ ರೋಗಿಯ ಚಾರ್ಟಿನಲ್ಲಿ ಒಂದು ಸಂಖ್ಯೆ ಬರೆಯುತ್ತೀಯಲ್ಲ, ಕೆಟಿ ಬೈ ವಿ, ಅದರ ಬಗ್ಗೆ. 1.2 ದಾಟಿದೆಯಾ, ಟಿಕ್ ಹಾಕು, ಮುಂದಿನವರನ್ನು ನೋಡು. ಬಹಳ ಕಡೆ ಅದರ ಕಥೆ ಅಷ್ಟಕ್ಕೇ ಮುಗಿಯುತ್ತದೆ. ನಿನ್ನ ಕೈಯಲ್ಲಿ ಹಾಗಾಗಬಾರದು.

ಆ ಸಂಖ್ಯೆ ಒಂದು ಭಿನ್ನರಾಶಿ ಕಣಮ್ಮ. ಮೇಲೆ ಅಂಶ, ಕೆಳಗೆ ಛೇದ. ಕೆ ಎಂದರೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದಿಂದ ಯೂರಿಯಾ ಪೂರ್ತಿ ಹೋದಂತಾಯಿತು ಎಂಬ ಲೆಕ್ಕ. ಟಿ ಎಂದರೆ ಯಂತ್ರದ ಮೇಲಿದ್ದ ಹೊತ್ತು. ಎರಡನ್ನೂ ಗುಣಿಸಿದರೆ ಆ ದಿನ ಶುದ್ಧಿಯಾದ ಒಟ್ಟು ಲೀಟರು ಸಿಗುತ್ತದೆ. ಅದನ್ನು ವಿ ಇಂದ, ಅಂದರೆ ಯೂರಿಯಾ ಹರಡಿಕೊಂಡಿರುವ ಮೈಯೊಳಗಿನ ಒಟ್ಟು ನೀರಿನಿಂದ, ಭಾಗಿಸುತ್ತೇವೆ. ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಸಹಕಾರಿ ಡಯಾಲಿಸಿಸ್ ಅಧ್ಯಯನದ ಅಂಕಿಗಳನ್ನು ಫ್ರಾಂಕ್ ಗಾಚ್ ಮತ್ತು ಜಾನ್ ಸಾರ್ಜೆಂಟ್ ಮತ್ತೊಮ್ಮೆ ಲೆಕ್ಕ ಹಾಕಿ 1985ರಲ್ಲಿ ಈ ಅಳತೆಯನ್ನು ಮುಂದಿಟ್ಟರು. ಅದಕ್ಕೆ ಮೊದಲು ಎಷ್ಟು ಡಯಾಲಿಸಿಸ್ ಕೊಟ್ಟರೆ ಸಾಕು ಎಂದು ಹೇಳಲು ಎಲ್ಲರೂ ಒಪ್ಪುವ ಅಳತೆಯೇ ಇರಲಿಲ್ಲ. ಹಾಗಾಗಿ ಇದು ದೊಡ್ಡ ಉಪಕಾರವೇ ಸರಿ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಪ್ರತಿ ಸಲ ಕಡೇಪಕ್ಷ 1.2 ಸಿಗಲೇಬೇಕು, ಗುರಿ 1.4 ಇರಬೇಕು ಎಂದು ಅಮೆರಿಕದ ಮಾರ್ಗಸೂಚಿ ಇವತ್ತಿಗೂ ಹೇಳುತ್ತದೆ.

ಎಲ್ಲರೂ ಅಂಶದ ಕಡೆ ನೋಡುತ್ತಾರೆ. ಪಂಪಿನ ವೇಗ ಎಷ್ಟು, ಡಯಾಲೈಸರ್ ಯಾವುದು, ಎಷ್ಟು ಗಂಟೆ ನಡೆಯಿತು ಎಂದು ಕೇಳುತ್ತಾರೆ. ಛೇದದಲ್ಲಿ ಕೂತಿರುವುದು ರೋಗಿಯ ಮೈ. ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಲೆಕ್ಕ ಮಾಡಿ ತೋರಿಸುತ್ತೇನೆ, ಪಕ್ಕದಲ್ಲಿ ಕಾಗದ ಇಟ್ಟುಕೋ. ಮೈಯೊಳಗಿನ ನೀರನ್ನು ಅಂದಾಜು ಮಾಡಲು ವ್ಯಾಟ್ಸನ್ 1980ರಲ್ಲಿ ಕೊಟ್ಟ ಸೂತ್ರ ನಿನ್ನ ಪುಸ್ತಕದಲ್ಲೇ ಇದೆ. ಗಂಡಸರಿಗೆ ವಯಸ್ಸು, ಎತ್ತರ, ತೂಕ ಮೂರೂ ಬೇಕು. ಹೆಂಗಸರಿಗೆ ಎತ್ತರ, ತೂಕ ಎರಡೇ ಸಾಕು. 50 ವರ್ಷದ, 170 ಸೆಂ.ಮೀ. ಎತ್ತರದ, 70 ಕೆ.ಜಿ. ತೂಗುವ ಗಂಡಸಿಗೆ ಸುಮಾರು 39.5 ಲೀಟರ್ ಬರುತ್ತದೆ. 150 ಸೆಂ.ಮೀ. ಎತ್ತರದ, 42 ಕೆ.ಜಿ. ತೂಗುವ ಹೆಂಗಸಿಗೆ ಸುಮಾರು 24.3 ಲೀಟರ್. ನಮ್ಮ ಕಡೆ ಡಯಾಲಿಸಿಸ್‌ಗೆ ಬರುವ ಹೆಂಗಸರಲ್ಲಿ 42 ಕೆ.ಜಿ.ಯವರು ಅಪರೂಪವೇನಲ್ಲ, ನಿನಗೇ ಗೊತ್ತಾಗುತ್ತದೆ. ಇಬ್ಬರಿಗೂ 1.4 ಗುರಿ ಎಂದಿಟ್ಟುಕೋ. ಅವನಿಗೆ 55 ಲೀಟರಿನಷ್ಟು ಶುದ್ಧಿಯಾಗಬೇಕು, ಇವಳಿಗೆ 34 ಲೀಟರ್ ಆದರೆ ಸಾಕು. ನಿಮಿಷಕ್ಕೆ 200 ಮಿಲಿಲೀಟರ್ ಶುದ್ಧಿಯಾಗುತ್ತಿದ್ದರೆ ಇವಳ ಗುರಿ 2 ಗಂಟೆ 50 ನಿಮಿಷಕ್ಕೇ ಮುಟ್ಟಿಹೋಯಿತು. ಅವನಿಗೆ ನಾಲ್ಕು ಗಂಟೆ ಪೂರ್ತಿ ಕೊಟ್ಟರೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಆಸೆ ಹುಟ್ಟುವುದೇ ಇಲ್ಲಿ. ಹೊರಗೆ ಬೆಂಚಿನ ಮೇಲೆ ಮುಂದಿನ ಶಿಫ್ಟಿನವರು ಕಾಯುತ್ತಿರುತ್ತಾರೆ. ಆ ತಾಯಿಗೂ ಬೇಗ ಮನೆ ಸೇರಿದರೆ ಸಾಕಾಗಿರುತ್ತದೆ. ಯಂತ್ರದ ಪರದೆಯ ಮೇಲೆ 1.4 ಕಾಣುತ್ತಿರುತ್ತದೆ. ‘ಇವರಿಗೆ ಮೂರು ಗಂಟೆ ಸಾಕು ಬಿಡಿ, ಕೆಟಿ ಬೈ ವಿ ಚೆನ್ನಾಗಿದೆ’ ಎಂದು ಯಾರಾದರೂ ಅನ್ನುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಸಂಖ್ಯೆಯನ್ನು ನಂಬಿ. ಆ ಮಾತು ಕಿವಿಗೆ ಬಿದ್ದ ದಿನ ನೀನು ತಡೆಯಬೇಕು.

ಏಕೆಂದರೆ ಮೈಯನ್ನು ನೀರಿನಿಂದ ಅಳೆಯುವುದು ಒಂದು ಬಗೆ, ಮೈಯ ಮೇಲ್ಮೈಯಿಂದ ಅಳೆಯುವುದು ಇನ್ನೊಂದು ಬಗೆ. ಆರೋಗ್ಯವಾಗಿರುವ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತದೆ ಎಂದು ಹೇಳುವಾಗ ವೈದ್ಯರು ಬಳಸುವುದು ಮೇಲ್ಮೈಯ ಲೆಕ್ಕವನ್ನು. ಲ್ಯಾಬ್ ವರದಿಯಲ್ಲಿ ಜಿಎಫ್ಆರ್ ಪಕ್ಕ 1.73 ಚದರ ಮೀಟರ್ ಎಂದು ಅಚ್ಚಾಗಿರುತ್ತದೆ ನೋಡು, ಅದೇ ಇದು. 1928ರಲ್ಲಿ ಮ್ಯಾಕಿಂಟಾಷ್, ಮೊಲ್ಲರ್, ವ್ಯಾನ್ ಸ್ಲೈಕ್ ಎಂಬ ಮೂವರು ಯೂರಿಯಾ ವಿಸರ್ಜನೆಗೂ ಮೈಯ ಗಾತ್ರಕ್ಕೂ ಇರುವ ಸಂಬಂಧದ ಬಗ್ಗೆ ಬರೆದ ಪ್ರಬಂಧದಿಂದ ಅದು ಬಳಕೆಗೆ ಬಂತು. ಆಗಿನ ಅಮೆರಿಕದ 25 ವರ್ಷದ ಗಂಡಸರ ಮತ್ತು ಹೆಂಗಸರ ಸರಾಸರಿ ಮೇಲ್ಮೈ ಅದು. ನಾನು ಹೇಳಿದ ಆ ಗಂಡಸಿನ ಮೇಲ್ಮೈ 1.81 ಚದರ ಮೀಟರ್, ಹೆಂಗಸಿನದು 1.33. ಮೇಲಿನ 55 ಲೀಟರನ್ನೂ 34 ಲೀಟರನ್ನೂ ಇವುಗಳಿಂದ ಭಾಗಿಸಿ ನೋಡು. ಅವನಿಗೆ ಚದರ ಮೀಟರಿಗೆ 30.5 ಲೀಟರ್ ಸಿಕ್ಕಿತು, ಇವಳಿಗೆ 25.6. ಚಾರ್ಟಿನಲ್ಲಿ ಇಬ್ಬರದೂ 1.4, ಆದರೆ ಇವಳಿಗೆ ಆರರಲ್ಲಿ ಒಂದು ಪಾಲು ಕಡಿಮೆ. ಮೇಲ್ಮೈಯ ಲೆಕ್ಕದಲ್ಲಿ ಅವನ ಸಮಕ್ಕೆ ಇವಳನ್ನು ತರಬೇಕಾದರೆ ಇವಳ ಕೆಟಿ ಬೈ ವಿ 1.67ರ ಹತ್ತಿರ ಇರಬೇಕು.

ಮೈ ಚಿಕ್ಕದಾದಷ್ಟೂ ಮೇಲ್ಮೈಗೆ ಹೋಲಿಸಿದರೆ ನೀರು ಕಡಿಮೆ ಬೀಳುತ್ತದೆ. ಹೆಂಗಸರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಕೊಬ್ಬಿನಲ್ಲಿ ನೀರು ಕಡಿಮೆ, ಹಾಗಾಗಿ ಅವರಿಗೆ ವಿ ಇನ್ನಷ್ಟು ಇಳಿಯುತ್ತದೆ. ಛೇದ ಇಳಿದರೆ ಭಿನ್ನರಾಶಿ ಏರಲೇಬೇಕಲ್ಲ. ಆದರೆ ಮೈಯ ಒಳಗೆ ಕಲ್ಮಷ ಹುಟ್ಟಿಸುವ ಯಕೃತ್ತು, ಕರುಳಿನಂಥ ಅಂಗಗಳು ನೀರು ಇಳಿದಷ್ಟೇ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ. ಚಿಕ್ಕ ಮೈಯಲ್ಲಿ ಅವುಗಳ ಪಾಲು ತುಸು ಹೆಚ್ಚೇ.

ಇದು ಬರೀ ಕಾಗದದ ಲೆಕ್ಕವಲ್ಲ. ಹೀಮೋ ಎಂಬ ದೊಡ್ಡ ಪ್ರಯೋಗ ಅಮೆರಿಕದಲ್ಲಿ 1,846 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸರಾಸರಿ 1.32 ಸಿಕ್ಕಿತು, ಇನ್ನೊಂದಕ್ಕೆ 1.71. ಒಟ್ಟಾರೆ ನೋಡಿದರೆ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಹೆಚ್ಚು ಕೊಟ್ಟು ಲಾಭವಿಲ್ಲ’ ಎನ್ನುವವರು ಆಧಾರವಾಗಿ ತೋರಿಸುವುದು ಇದನ್ನೇ. ಆದರೆ ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ ನೋಡಿದಾಗ, ಹೆಚ್ಚು ಪ್ರಮಾಣ ಸಿಕ್ಕ ಹೆಂಗಸರಲ್ಲಿ ಸಾವಿನ ಅಪಾಯ ಕಡಿಮೆ ಕಂಡಿತು, ಗಂಡಸರಲ್ಲಿ ಕಾಣಲಿಲ್ಲ. ಒಂದು ಪ್ರಯೋಗದ ಒಳಗುಂಪಿನ ಫಲವನ್ನು ಕಡ್ಡಿ ಮುರಿದ ಹಾಗೆ ಸತ್ಯ ಎನ್ನಲು ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಮೇಲ್ಮೈಯ ಲೆಕ್ಕ ಏನು ಹೇಳುತ್ತದೋ ಅದೇ ದಿಕ್ಕಿಗೆ ಇದೂ ಕೈ ತೋರುತ್ತಿದೆ. ನನಗಂತೂ ಚಿಕ್ಕ ಮೈಯ ಹೆಂಗಸಿಗೆ 1.2 ಸಾಕು ಎಂದು ಹೇಳುವ ಧೈರ್ಯ ಬಂದದ್ದೇ ಇಲ್ಲ.

ಸಮಯ ಕಡಿಮೆ ಮಾಡಿದರೆ ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ಯೂರಿಯಾ ಬೇಗ ಹೋಗಬಹುದು, ನೀರು ಹಾಗೆ ಹೋಗುವುದಿಲ್ಲ. ಎರಡು ಡಯಾಲಿಸಿಸ್‌ಗಳ ನಡುವೆ ಆ 42 ಕೆ.ಜಿ. ಹೆಂಗಸಿನ ಮೈಯಲ್ಲಿ ಎರಡೂವರೆ ಲೀಟರ್ ನೀರು ಸೇರಿದೆ ಎನ್ನು. ಅದನ್ನು 2 ಗಂಟೆ 50 ನಿಮಿಷದಲ್ಲಿ ತೆಗೆಯಲು ಹೋದರೆ ಗಂಟೆಗೆ ಕೆ.ಜಿ.ಗೆ 21 ಮಿಲಿಲೀಟರ್ ಎಳೆದಂತಾಯಿತು. ಗಂಟೆಗೆ ಕೆ.ಜಿ.ಗೆ 13 ಮಿಲಿಲೀಟರ್ ದಾಟಿದವರಲ್ಲಿ ಹೃದಯದ ತೊಂದರೆ, ಸಾವು ಹೆಚ್ಚು ಎಂದು ಅಧ್ಯಯನಗಳಲ್ಲಿ ಕಂಡಿದೆ. ಅಷ್ಟೇ ನೀರನ್ನು 70 ಕೆ.ಜಿ. ಗಂಡಸಿನಿಂದ ನಾಲ್ಕು ಗಂಟೆಯಲ್ಲಿ ತೆಗೆದರೆ ಕೆ.ಜಿ.ಗೆ 9 ಕೂಡ ಆಗುವುದಿಲ್ಲ. ಆಕೆಗೆ ನಾಲ್ಕು ಗಂಟೆ ಕೊಟ್ಟರೂ 15ರ ಹತ್ತಿರ ಇರುತ್ತದೆ, ಆದ್ದರಿಂದ ಉಪ್ಪು ಕಡಿಮೆ ಮಾಡುವ ಮಾತನ್ನು ಮನೆಯವರ ಹತ್ತಿರ ಬೇರೆಯೇ ಕೂತು ಆಡಬೇಕು. ಬೇಗ ಎಳೆದರೆ ಏನಾಗುತ್ತದೆ ಎಂದು ನೀನೇ ಕಾಣುತ್ತೀಯ. ಕೊನೆಯ ಅರ್ಧ ಗಂಟೆಯಲ್ಲಿ ಕಾಲು ಹಿಡಿದುಕೊಳ್ಳುತ್ತದೆ, ಆಕೆ ಹಲ್ಲು ಕಚ್ಚಿ ಮಂಚದ ಕಂಬಿ ಹಿಡಿಯುತ್ತಾಳೆ, ಬಿಪಿ ದಬಕ್ಕನೆ ಇಳಿಯುತ್ತದೆ, ನೀನು ಓಡಿಹೋಗಿ ಸಲೈನ್ ಬಿಡುತ್ತೀಯ. ತೆಗೆಯಲು ಹೊರಟ ನೀರನ್ನೇ ವಾಪಸ್ಸು ಹಾಕಿದ ಹಾಗಾಯಿತು. ರಂಜಕವೂ ಅಷ್ಟೆ, ಅದು ಹೊರಬರಲು ಹೊತ್ತು ಬೇಕು. ಮೂತ್ರ ಹೆಚ್ಚುಕಡಿಮೆ ನಿಂತೇಹೋದವರಿಗೆ, ವಾರಕ್ಕೆ ಮೂರು ಸಲ ಮಾಡುತ್ತಿದ್ದರೂ, ಮೂರು ಗಂಟೆಗಿಂತ ಕಡಿಮೆ ಕೂಡದು ಎಂದು ಮಾರ್ಗಸೂಚಿ ಗೆರೆ ಎಳೆದಿರುವುದು ಇದಕ್ಕೇ. ಅದು ಕಟ್ಟಕಡೆಯ ಗೆರೆ, ಗುರಿಯಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿರುವುದು ಇನ್ನೊಂದು ಸಂಗತಿ. ಅದೇ ರೋಗಿ, ಅದೇ ಡಯಾಲೈಸರ್, ಅದೇ ನಾಲ್ಕು ಗಂಟೆ. ಆರು ತಿಂಗಳಲ್ಲಿ ಕೆಟಿ ಬೈ ವಿ ತಾನಾಗಿ 1.65 ಇಂದ 1.75ಕ್ಕೆ ಏರಿದೆ. ರೌಂಡ್ಸಿನಲ್ಲಿ ಎಲ್ಲರೂ ‘ಚೆನ್ನಾಗಾಗುತ್ತಿದೆ’ ಎನ್ನುತ್ತಾರೆ. ನೀನು ತೂಕದ ಕಾಲಂ ನೋಡು. 42 ಇದ್ದದ್ದು 36ಕ್ಕೆ ಬಂದಿದ್ದರೆ, ಆಕೆಯ ಮೈಯ ನೀರು 24.3 ಇಂದ 22.8 ಲೀಟರಿಗೆ ಇಳಿದಿದೆ. ಶುದ್ಧಿಯಾದದ್ದು ಮೊದಲಿನ 40 ಲೀಟರೇ, ಸವೆದದ್ದು ಆಕೆಯ ಮಾಂಸಖಂಡ. ಸಂಖ್ಯೆ ಏರಿದ್ದು ಆಕೆ ಕರಗುತ್ತಿರುವುದರಿಂದ. ಯೂರಿಯಾ ಇಳಿಕೆಯ ಶೇಕಡಾವಾರು ತುಂಬಾ ಹೆಚ್ಚಿರುವವರಲ್ಲಿ ಸಾವು ಕಡಿಮೆಯಾಗುವ ಬದಲು ಮತ್ತೆ ಏರುವುದನ್ನು ಗ್ಲೆನ್ ಚೆರ್ಟೋ ಮತ್ತು ಅವರ ಜೊತೆಗಾರರು 1999ರಲ್ಲಿ ವಿವರಿಸಿದ್ದು ಹೀಗೆಯೇ. ಆ ಹೆಚ್ಚಿನ ಸಂಖ್ಯೆಯ ಹಿಂದೆ ಸೊರಗಿದ ಮೈ ಅಡಗಿರುತ್ತದೆ. ಕೆಟಿಯನ್ನು ವಿ ಇಂದ ಭಾಗಿಸದೆ ಹಾಗೇ ನೋಡೋಣ ಎಂಬ ಸಲಹೆಯೂ ಆ ಗುಂಪಿನಿಂದ ಅದೇ ವರ್ಷ ಬಂತು. ನಾನು ಚಾರ್ಟಿನಲ್ಲಿ ಕೆಟಿ ಬೈ ವಿ ಪಕ್ಕದಲ್ಲೇ ಬರೀ ಕೆಟಿಯನ್ನೂ ಲೀಟರಿನಲ್ಲಿ ಬರೆದಿಡುತ್ತಿದ್ದೆ. ನೀನೂ ಹಾಗೆ ಮಾಡು. ಎರಡೂ ಜೊತೆಯಾಗಿ ಏರಿದರೆ ಡಯಾಲಿಸಿಸ್ ಸುಧಾರಿಸಿದೆ. ಕೆಟಿ ನಿಂತಲ್ಲೇ ನಿಂತು ಕೆಟಿ ಬೈ ವಿ ಮಾತ್ರ ಏರಿದರೆ ಆಕೆಯನ್ನು ಕೇಳು, ಊಟ ಸೇರುತ್ತಿದೆಯಾ, ಬಳೆ ಸಡಿಲವಾಗಿದೆಯಾ ಎಂದು. ಆಲ್ಬುಮಿನ್ ಎಷ್ಟಿದೆ ನೋಡು. ಎಷ್ಟೋ ಸಲ ತೂಕವೂ ಮೋಸ ಮಾಡುತ್ತದೆ. ಮಾಂಸ ಹೋದ ಜಾಗದಲ್ಲಿ ನೀರು ತುಂಬಿ, ತಕ್ಕಡಿಯ ಮುಳ್ಳು ಇದ್ದಲ್ಲೇ ಇರುತ್ತದೆ. ಕೆನ್ನೆ, ತೋಳು, ಕೊರಳೆಲುಬು ಸುಳ್ಳು ಹೇಳುವುದಿಲ್ಲ.

ಛೇದ ಸರಿಯಿರಬೇಕಾದರೆ ಅಳತೆ ಸರಿಯಿರಬೇಕು. ಹಳೆಯ ಫೈಲುಗಳನ್ನು ತೆಗೆದು ನೋಡು, ಎತ್ತರದ ಜಾಗ ಖಾಲಿ ಇರುತ್ತದೆ, ಇಲ್ಲವೇ ಯಾರೋ ಕಣ್ಣಂದಾಜಿನಲ್ಲಿ ಬರೆದದ್ದಿರುತ್ತದೆ. ಗೋಡೆಗೆ ಒಂದು ಟೇಪು ಅಂಟಿಸಿ ಎಲ್ಲರನ್ನೂ ಒಮ್ಮೆ ನಿಲ್ಲಿಸಿ ಅಳೆದುಬಿಡು. ತೂಕ ನೋಡುವಾಗ ಚಪ್ಪಲಿ, ಸ್ವೆಟರ್, ಕೈಯಲ್ಲಿರುವ ಬ್ಯಾಗು ಕೆಳಗಿಡಿಸು. ಲೆಕ್ಕಕ್ಕೆ ಡಯಾಲಿಸಿಸ್ ಮುಗಿದ ಮೇಲಿನ ತೂಕ ಹಿಡಿ, ಬರುವಾಗ ಊದಿಕೊಂಡಿದ್ದ ತೂಕ ಬೇಡ. ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡವರು ನಿನ್ನ ಘಟಕದಲ್ಲೂ ಇರುತ್ತಾರೆ. ಮೊಣಕಾಲ ಕೆಳಗೆ ತೆಗೆದಿದ್ದರೆ ಮೈತೂಕದ ಶೇಕಡಾ 6ರಷ್ಟು, ಇಡೀ ಕಾಲಾದರೆ ಶೇಕಡಾ 16ರಷ್ಟು ಹೋಗಿರುತ್ತದೆ. ಸೂತ್ರಕ್ಕೆ ಅದು ತಿಳಿಯದು, ನೀನು ಫೈಲಿನ ಮೇಲೆ ಎದ್ದು ಕಾಣುವ ಹಾಗೆ ಬರೆದು ವೈದ್ಯರಿಗೆ ನೆನಪಿಸಬೇಕು.

ಯಂತ್ರವೇ ಕೆಟಿ ಬೈ ವಿ ತೋರಿಸುತ್ತದಲ್ಲ ಎನ್ನುತ್ತೀಯ. ಅದು ಕೆ ಮಾತ್ರ ತಾನು ಅಳೆಯುತ್ತದೆ, ವಿಯನ್ನು ನೀನೇ ತುಂಬಬೇಕು, ಅಥವಾ ನೀನು ತುಂಬಿದ ಎತ್ತರ, ತೂಕ, ವಯಸ್ಸಿನಿಂದ ಅದು ಲೆಕ್ಕ ಹಾಕುತ್ತದೆ. ಬೆಳಗಿನ ಶಿಫ್ಟಿನಲ್ಲಿ ಆ 42 ಕೆ.ಜಿ. ಹೆಂಗಸಿಗೆ ತುಂಬಿದ ಅಂಕಿ ಹಾಗೇ ಉಳಿದು, ಮಧ್ಯಾಹ್ನ ಅದೇ ಯಂತ್ರಕ್ಕೆ 70 ಕೆ.ಜಿ. ಗಂಡಸನ್ನು ಹಾಕಿದರೆ, 1.2 ಕಾಣಬೇಕಾದ ಕಡೆ 2ರ ಹತ್ತಿರ ಕಾಣುತ್ತದೆ. ಅವನಿಗೆ ಸಾಲದೆ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೆಸರು ಬದಲಾಯಿಸಿದಾಗಲೆಲ್ಲ ವಿಯನ್ನೂ ನೋಡುವುದು ಅಭ್ಯಾಸವಾಗಲಿ.

ರಕ್ತ ಪರೀಕ್ಷೆಯಿಂದ ಲೆಕ್ಕ ಹಾಕುವಾಗ ಈ ತಾಪತ್ರಯವಿಲ್ಲ. ಮೊದಲಿನ ಯೂರಿಯಾ, ಕೊನೆಯ ಯೂರಿಯಾ, ಹೊತ್ತು, ತೆಗೆದ ನೀರು, ತೂಕ, ಇಷ್ಟನ್ನು ಡೌಗಿರ್ಡಾಸ್ ಸೂತ್ರಕ್ಕೆ ಕೊಟ್ಟರೆ ಸಾಕು. ಆದರೆ ಸ್ಯಾಂಪಲ್ ತೆಗೆಯುವ ಕ್ಷಣದಲ್ಲಿ ನಿನ್ನ ಕೈ ನಿಧಾನವಾಗಬೇಕು. ಮೊದಲನೆಯದನ್ನು ಸಲೈನ್, ಹೆಪಾರಿನ್ ಬೆರೆಯುವ ಮೊದಲೇ ಸೂಜಿಯಿಂದ ತೆಗೆ. ಕೊನೆಯದಕ್ಕೆ ಯುಎಫ್, ಅಂದರೆ ನೀರು ಎಳೆಯುವುದನ್ನು, ನಿಲ್ಲಿಸಿ, ಪಂಪನ್ನು ನಿಮಿಷಕ್ಕೆ 100 ಮಿಲಿಲೀಟರಿಗೆ ಇಳಿಸಿ, 15 ಸೆಕೆಂಡ್ ಎಣಿಸಿ, ಆಮೇಲೆ ಆರ್ಟೀರಿಯಲ್ ಪೋರ್ಟಿನಿಂದ ಎಳೆ. ಪಂಪು ಜೋರಾಗಿ ಓಡುತ್ತಿರುವಾಗಲೇ ಎಳೆದರೆ ಫಿಸ್ಟುಲಾದಲ್ಲಿ ಈಗಷ್ಟೇ ತೊಳೆದು ಬಂದ ರಕ್ತವೂ ಸೇರಿಕೊಂಡು, ಯೂರಿಯಾ ನಿಜಕ್ಕಿಂತ ಕಡಿಮೆ ಕಾಣುತ್ತದೆ, ಡಯಾಲಿಸಿಸ್ ನಿಜಕ್ಕಿಂತ ಚೆನ್ನಾಗಿ ಆದಂತೆ ಕಾಣುತ್ತದೆ.

ದಪ್ಪ ಮೈಯವರ ಬಗ್ಗೆ ಒಂದೇ ಮಾತು. 95 ಕೆ.ಜಿ. ಗಂಡಸಿಗೆ ನಾಲ್ಕು ಗಂಟೆಯಲ್ಲಿ 1.2 ಬರದಿದ್ದರೆ ಅವನನ್ನು ಗದರಬೇಡ. ಛೇದ ದೊಡ್ಡದು, ಅಷ್ಟೆ. ದೊಡ್ಡ ಡಯಾಲೈಸರ್, ಹೆಚ್ಚು ರಕ್ತದ ಹರಿವು, ಇನ್ನರ್ಧ ಗಂಟೆ, ಇವುಗಳಲ್ಲಿ ಏನು ಸಾಧ್ಯ ಎಂದು ವೈದ್ಯರನ್ನು ಕೇಳು. ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವವರು ನಿನ್ನ ಬಳಿ ಬಂದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಅಲ್ಲಿ ವಾರದ ಕೆಟಿ ಬೈ ವಿ 1.7 ಇರಬೇಕೆನ್ನುವ ಲೆಕ್ಕ ನೀರಿನದು, ಕ್ರಿಯಾಟಿನಿನ್ ಕ್ಲಿಯರೆನ್ಸ್ ಮೇಲ್ಮೈಯದು. ಚಿಕ್ಕ ಮೈಯವರಲ್ಲಿ ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಕಡಿಮೆ ಬಂದರೆ ಲ್ಯಾಬ್ ತಪ್ಪಿದೆ ಎಂದುಕೊಳ್ಳುವ ಮೊದಲು ಇದನ್ನು ನೆನಪಿಸಿಕೋ.

ನಾನು ಮತ್ತೆ ಮತ್ತೆ ‘ವಾರಕ್ಕೆ ಮೂರು ಸಲ’ ಎಂದು ಬರೆದದ್ದನ್ನು ಗಮನಿಸಿರುತ್ತೀಯ. 1.2, 1.4 ಎಲ್ಲ ಆ ಲೆಕ್ಕಕ್ಕೆ ಹೊಲಿದ ಅಂಕಿಗಳು. ನಮ್ಮ ದೇಶದಲ್ಲಿ ಬಹಳಷ್ಟು ಜನ ವಾರಕ್ಕೆ ಎರಡು ಸಲ ಮಾತ್ರ ಮಾಡಿಸಿಕೊಳ್ಳುತ್ತಾರೆ. 2016ರ ಕೇಂದ್ರ ಬಜೆಟ್ಟಿನಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾದ ಮೇಲೆ ಬಡವರಿಗೆ ದುಡ್ಡಿನ ಹೊರೆ ಎಷ್ಟೋ ತಗ್ಗಿದೆ. ಆದರೆ ಬಸ್ಸು, ಕೂಲಿ, ಜೊತೆಗೆ ಬರುವವರ ಕೆಲಸ, ಇವು ತಗ್ಗಿಲ್ಲ. ಎರಡೇ ಸಲ ಬರುವ ಒಬ್ಬ ಚಿಕ್ಕ ಮೈಯ ಹೆಂಗಸಿನ ಚಾರ್ಟಿನಲ್ಲಿ 1.4 ಎಂದು ಕಂಡು ಸಮಾಧಾನ ಪಟ್ಟುಕೊಂಡರೆ ಎರಡು ಕಡೆ ಲೆಕ್ಕ ತಪ್ಪಿತು, ಛೇದದಲ್ಲೂ, ವಾರದಲ್ಲೂ. ಮೂತ್ರ ಇನ್ನೂ ಎಷ್ಟು ಬರುತ್ತಿದೆ ಎಂದು ಇಂಥವರನ್ನು ತಿಂಗಳು ತಿಂಗಳೂ ಕೇಳು, 24 ಗಂಟೆಯದನ್ನು ಡಬ್ಬಿಯಲ್ಲಿ ಹಿಡಿದು ತರಲು ಹೇಳು. ಅದು ಕಡಿಮೆಯಾಗುತ್ತಾ ಬಂದರೆ ಮೂರನೆಯ ದಿನ ಬೇಕೇ ಬೇಕು ಎಂದು ವೈದ್ಯರ ಮುಂದೆ ನೀನೇ ಮಾತೆತ್ತು. ಪ್ರಿಸ್ಕ್ರಿಪ್ಷನ್ ಬದಲಾಯಿಸುವ ಅಧಿಕಾರ ಅವರದು. ನೆಫ್ರಾಲಜಿಸ್ಟ್ ದೂರದಲ್ಲಿರಬಹುದು, ಅಪರೂಪಕ್ಕೆ ಬರಬಹುದು. ಅವರು ಬಂದಾಗ ಅಥವಾ ಫೋನಿಗೆ ಸಿಕ್ಕಾಗ ನಿನ್ನ ಕೈಯಲ್ಲಿ ಎತ್ತರ, ಕೊನೆಯ ತೂಕ, ಕೆಟಿ, ಕೆಟಿ ಬೈ ವಿ, ಮೂತ್ರದ ಅಳತೆ, ಆಲ್ಬುಮಿನ್ ಒಂದೇ ಹಾಳೆಯಲ್ಲಿ ಸಿದ್ಧವಿದ್ದರೆ ಅವರೂ ನಿಂತು ಕೇಳುತ್ತಾರೆ.

ಇನ್ನು ‘ಮೂರು ಗಂಟೆಗೇ ಬಿಟ್ಟುಬಿಡಮ್ಮ, ಕೊನೇ ಬಸ್ಸು ಹೋಗಿಬಿಡುತ್ತೆ’ ಎಂದು ಬೇಡುವವರ ಮಾತು. ಅಂಕಿ ಅಂಶ ಹೇಳಿ ಅವರ ಬಾಯಿ ಮುಚ್ಚಿಸಬೇಡ. ಅವರ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೋ. ದೂರದ ಊರಿನವರನ್ನು ಬೆಳಗಿನ ಶಿಫ್ಟಿಗೆ, ಪೇಟೆಯಲ್ಲೇ ಇರುವವರನ್ನು ಸಂಜೆಯ ಶಿಫ್ಟಿಗೆ ಹಾಕಲು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡು. ಪೇಟೆಯವರಲ್ಲಿ ಒಬ್ಬಿಬ್ಬರು ಗೊಣಗುತ್ತಾರೆ, ಆದರೂ ಬಿಡಬೇಡ, ಈ ವಾರವೇ ಶುರು ಮಾಡು.